ಮೂರನೆಯ ಚೀಟಿ

ಶುಕ್ರವಾರ ಬೆಳಿಗ್ಗೆ ಅಕ್ಷಿತಾ ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ನೆಲದ ಮೇಲೆ ಮಗುಚಿ ಹಾಕಿ, ಅಂಚಿನಿಂದ ಒಂದು ಪಟ್ಟಿಯನ್ನು ಮಡಚಿ, ಮಡಿಕೆಯ ಮೇಲೆ ಉಗುರು ಎಳೆದಳು. ಬೆರಳನ್ನು ನೀರಿಗದ್ದಿ ಗೆರೆಯುದ್ದಕ್ಕೂ ಒದ್ದೆ ಮಾಡಿದಳು. ಕತ್ತರಿ ಊರಿಗೆ ಹೋಗುವ ಕಾರ್ಗೋ ಪೆಟ್ಟಿಗೆಯೊಳಗೆ ಸೇರಿ ಮೂರು ದಿನವಾಗಿತ್ತು. ಒದ್ದೆಯಾದ ಕಾಗದ ಸದ್ದಿಲ್ಲದೆ ಹರಿಯಿತು. ಆ ಪಟ್ಟಿಯನ್ನು ಮತ್ತೆ ಮಡಚಿ, ಮತ್ತೆ ಒದ್ದೆ ಮಾಡಿ, ಮೂರು ತುಂಡು ಮಾಡಿದಳು. ಬೇಕಾಗಿದ್ದದ್ದು ಎರಡು. ಒಂದರ ಮೇಲೆ ಒಂದಿಟ್ಟು ಅಂಚು ಸರಿಯಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಎತ್ತುವ ಬೆರಳಿಗೆ ಯಾವುದು ಯಾವುದೆಂದು ಗೊತ್ತಾಗಬಾರದು. ಮೂರನೆಯದನ್ನು ಎಸೆಯಲು ಮನಸ್ಸು ಬಾರದೆ ಸ್ಟೀಲ್ ತಟ್ಟೆಯ ಅಡಿಗೆ ಸರಿಸಿದಳು.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಅಪ್ಪ ಪುರಂದರ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅಮ್ಮ ಆಶಾಲತಾ ಕಬ್ಬಿಣದ ಕಂಬಿಗಳಿರುವ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಮಗಳ ಕೈಯನ್ನೇ ನೋಡುತ್ತಿದ್ದರು. ಹೊರಗೆ ಕುವೈತಿನ ಅಬ್ಬಾಸಿಯಾದ ಬೀದಿಯಲ್ಲಿ ಧೂಳು ಎದ್ದಿತ್ತು. ಎದುರು ಕಟ್ಟಡದ ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು.

ಪುರಂದರ ಶುವೈಖ್‌ನ ಸ್ಪೇರ್‌ಪಾರ್ಟ್ಸ್ ಗೋದಾಮಿನಲ್ಲಿ ಮೂವತ್ತಾರು ವರ್ಷ ಸ್ಟೋರ್ ನೋಡಿಕೊಂಡವರು. ಕತ್ತಲೆಯಲ್ಲಿ ಕೈಯಾಡಿಸಿ ಯಾವ ಗಾಡಿಯ ಬೇರಿಂಗ್ ಎಂದು ಹೇಳಬಲ್ಲವರಾಗಿದ್ದರು. ಈಗ ಸಕ್ಕರೆ ಕಾಯಿಲೆ ಕಣ್ಣಿಗೇರಿ, ಹಗಲಿನಲ್ಲೂ ಕೈಯಾಡಿಸಿಯೇ ಚಪ್ಪಲಿ ಹುಡುಕಬೇಕು. ವಯಸ್ಸು ಅರವತ್ತನಾಲ್ಕು. ವೀಸಾ ಕೊಟ್ಟಿದ್ದ ಹಳೆಯ ಕಫೀಲ್ ತೀರಿಹೋಗಿ, ಅವನ ಮಗ ಒಂದು ದಿನ ಗೋದಾಮಿಗೆ ಬಂದು, ಭುಜ ತಟ್ಟಿ, "ಬಾಬಾ, ಖಲಾಸ್, ಇನ್ನು ಮನೆಗೆ ಹೋಗಿ ಆರಾಮ ಮಾಡು" ಎಂದಿದ್ದ. ತಿಂಗಳ ಕೊನೆಗೆ ಇಲ್ಲಿರಲು ಪರವಾನಗಿಯಾದ ಇಕಾಮಾ ಮುಗಿಯುತ್ತದೆ. ಅದರ ನೆರಳಿನಲ್ಲಿರುವ ಇಬ್ಬರ ಇಕಾಮಾ ಕೂಡ, ಅಂದರೆ ಆಶಾಲತಾರದ್ದು ಮತ್ತು ಅಕ್ಷಿತಾಳದ್ದು. ಗಂಡುಮಕ್ಕಳಿಬ್ಬರಿಗೂ ಇಲ್ಲೇ ಸ್ವಂತ ಕೆಲಸ, ಸ್ವಂತ ವೀಸಾ, ಅವರು ಉಳಿಯುವವರು. ಹೋಗುವವರು ಮೂವರು. ಹೋಗುವುದು ಕಾರ್ಕಳದ ಬದಿಯ ಮೂಡುಬೈಲಿನ ಮನೆಗೆ. ಅಕ್ಷಿತಾ ಹುಟ್ಟಿದ್ದು ಇಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯನ್ನು ಅವಳು ನೋಡಿದ್ದು ನಾಲ್ಕು ಸಲ.

ಹೋಗುವ ಮೊದಲು ಪಾಲು ಆಗಿಬಿಡಬೇಕು ಎಂದು ಪುರಂದರ ಹಟ ಹಿಡಿದಿದ್ದರು. ತಾನು ಕಣ್ಣು ಮುಚ್ಚಿದ ಮೇಲೆ ಮಕ್ಕಳು ಕೋರ್ಟು ಕಚೇರಿಯ ಮೆಟ್ಟಿಲು ಹತ್ತುವುದು ಬೇಡ, ಇಬ್ಬರೂ ಎದುರಿಗಿರುವಾಗಲೇ ಚೀಟಿ ಎತ್ತಿ ಮುಗಿಸುವ ಎಂದು.

ಬುಧವಾರ ಮಧ್ಯಾಹ್ನ ಅವರು ಹೇಳುತ್ತ ಹೋಗಿದ್ದರು, ಅಕ್ಷಿತಾ ಬರೆದಿದ್ದಳು. ಅವಳೇ ಬರೆಯಬೇಕಾಗಿತ್ತು. ಅಣ್ಣಂದಿರು ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಕನ್ನಡ ಅವರ ಬಾಯಲ್ಲಿತ್ತು, ಕೈಗೆ ಇಳಿದಿರಲಿಲ್ಲ, ಕಣ್ಣಿಗೂ ಹತ್ತಿರಲಿಲ್ಲ. ಅಕ್ಷಿತಾ ಹತ್ತನೆಯ ತರಗತಿಯಲ್ಲಿದ್ದಾಗ ಅಮ್ಮನಿಗೆ ಲಕ್ವ ಹೊಡೆದು ಬಲಬದಿ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಆ ವಾರ ಶಾಲೆಗೆ ರಜೆ ಹಾಕಿದವಳು ಮತ್ತೆ ಹೋಗಲಿಲ್ಲ. ಅದಕ್ಕೂ ಮೊದಲೇ ಅಮ್ಮ ಅವಳಿಗೆ ಊರಿನಿಂದ ಉಪ್ಪಿನಕಾಯಿ ಸುತ್ತಿ ಬಂದ ಪೇಪರುಗಳನ್ನು ಬಿಡಿಸಿ ಕನ್ನಡ ಕಲಿಸಿದ್ದರು. ಶಾಲೆ ಬಿಟ್ಟವಳ ಅಕ್ಷರವೇ ಆ ಮನೆಯಲ್ಲಿ ದುಂಡಗಿತ್ತು.

"ಬರಿ," ಎಂದಿದ್ದರು ಅಪ್ಪ. "ಪಾಲು ಎರಡು. ಒಂದು, ಮನೆ, ಬಾವಿ, ಮನೆಯ ಹಿಂದಿನ ತೋಟ. ಎರಡು, ರಸ್ತೆ ಬದಿಯ ಗದ್ದೆ. ಮನೆ ಬಂದವನಿಗೆ ಅಮ್ಮನ ಜವಾಬ್ದಾರಿ."

ಆಮೇಲೆ ಅಮ್ಮನ ಪಟ್ಟಿ ಶುರುವಾಯಿತು. ಅಪ್ಪ ಕಣ್ಣು ಮುಚ್ಚಿಕೊಂಡು, ಗೋದಾಮಿನ ಕಪಾಟಿನಿಂದ ಒಂದೊಂದೇ ಸಾಮಾನು ಇಳಿಸುವವರ ಹಾಗೆ ಹೇಳಿದರು. ಆಶಾಲತಾ ಇರುವವರೆಗೆ ತೆಂಕುಬದಿಯ ಕೋಣೆ. ವರ್ಷಕ್ಕೆ ನಾಲ್ಕು ಮುಡಿ ಕುಚ್ಚಲಕ್ಕಿ. ನೂರೈವತ್ತು ತೆಂಗಿನಕಾಯಿ. ಒಲೆಗೆ ಬೇಕಾದಷ್ಟು ಸೌದೆ. ಬಾವಿಯಿಂದ ನೀರು ಸೇದುವ ಹಕ್ಕು. ಅಂಗಳದಲ್ಲಿ ಹಪ್ಪಳ, ಮೆಣಸು ಒಣಗಿಸುವ ಹಕ್ಕು. ದನದ ಹಟ್ಟಿಯ ಬದಿಯ ದಾರಿಯಲ್ಲಿ ಹೋಗಿಬರುವ ಹಕ್ಕು.

ಅಕ್ಷಿತಾ ಬರೆಯುತ್ತ ಮಂಚದ ಕಡೆ ನೋಡಿದ್ದಳು. ನೀರು ಸೇದುವ ಹಕ್ಕು ಸಿಕ್ಕಿದವರ ಬಲಗೈ ಹೊದಿಕೆಯ ಮೇಲೆ, ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಸೇದುವವಳು ಯಾರು, ಒಣಗಿಸುವವಳು ಯಾರು, ಆ ದಾರಿಯಲ್ಲಿ ಓಡಾಡುವವಳು ಯಾರು ಎಂದು ಅಪ್ಪ ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದನ್ನು ಹೇಳುವ ಅಗತ್ಯವಿರಲಿಲ್ಲ.

"ಅಮ್ಮನ ನಂತರ?" ಎಂದು ಅವಳು ಕೇಳಬೇಕೆಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ, "ಅಷ್ಟು ಸಾಕು, ನನಗೆ ಮಂಪರು ಬರ್ತದೆ," ಎಂದು ಅಪ್ಪ ಕುರ್ಚಿಯಲ್ಲೇ ತಲೆ ವಾಲಿಸಿದ್ದರು.

ಆ ಕಾಗದದ ಕೊನೆಯಲ್ಲಿ ಎರಡು ಸಾಲಿನಷ್ಟು ಜಾಗ ಉಳಿದಿತ್ತು. ಅಕ್ಷಿತಾ ಅದನ್ನು ಎಷ್ಟೋ ಹೊತ್ತು ನೋಡಿದಳು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಒಬ್ಬಳು ತಾನು, ಇನ್ನೊಬ್ಬರು ಅಮ್ಮ.

ಅಮ್ಮನಿಗೆ ಎಡಗೈ ಉಳಿದಿತ್ತು. ಎಡಗೈಯಲ್ಲಿ ಒಂದು ಉಂಗುರವಿತ್ತು. ಮಂಚದ ಕಂಬಿಗೆ ಉಂಗುರ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ. ಆರು ವರ್ಷದಲ್ಲಿ ತಾಯಿ ಮಗಳು ಇಷ್ಟರಲ್ಲೇ ಎಷ್ಟೋ ಸುದ್ದಿ ಮಾತಾಡಿದ್ದರು. ಉಳಿದವರಿಗೆ ಈ ಭಾಷೆ ಗೊತ್ತಿರಲಿಲ್ಲ. ಕಂಬಿ ಸದ್ದಾದರೆ ಅಮ್ಮನಿಗೆ ಬಾಯಾರಿಕೆ ಎಂದುಕೊಂಡು ನೀರು ತರುತ್ತಿದ್ದರು.

ಅಕ್ಷಿತಾ ಕಾಗದವನ್ನು ಅಮ್ಮನ ಕಣ್ಣೆದುರು ಹಿಡಿದು, ಖಾಲಿ ಜಾಗದ ಮೇಲೆ ಬೆರಳಿಟ್ಟು, ಪಿಸುಮಾತಿನಲ್ಲಿ, "ನಿಮ್ಮ ನಂತರ ಕೋಣೆ ನನಗೆ ಅಂತ ಬರೀಲಾ ಅಮ್ಮ?" ಎಂದಳು.

ಅಮ್ಮ ಓದಿದರು. ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದರು. ಮುಖದ ಒಂದು ಬದಿ ಮಾತ್ರ ಅಲುಗಿತು. ಉಂಗುರ ಕಂಬಿಗೆ ತಾಗಿತು. ಒಂದೇ ಸಲ.

ಅಮ್ಮನನ್ನು ಕೇಳಿ ಬರೆಯುವುದು ನ್ಯಾಯ ಎಂದು ಅಕ್ಷಿತಾಳಿಗೆ ಅನಿಸಿದ್ದಕ್ಕೆ ಕಾರಣವಿತ್ತು. ಗದ್ದೆ ಅಪ್ಪ ಕುವೈತಿನ ದುಡಿಮೆಯಲ್ಲಿ ಕೊಂಡದ್ದು, ಸರಿ. ಆದರೆ ಮನೆ, ಬಾವಿ, ತೋಟ ಅಮ್ಮನ ತಾಯಿ ಭಾಗೀರಥಮ್ಮನದ್ದು. ಭಾಗೀರಥಮ್ಮನಿಗೆ ಅದು ಅವರ ತಾಯಿಯಿಂದ ಬಂದದ್ದು. ಆ ಮನೆ ಹೆಣ್ಣಿನಿಂದ ಹೆಣ್ಣಿಗೆ ನಡೆದುಬಂದ ಮನೆ. ಹಿಂದಿನ ಅಳಿಯಕಟ್ಟಿನ ಕಾಲದಲ್ಲಿ ಮದುವೆಯಾಗದ ಹೆಣ್ಣಾಗಲಿ, ಗಂಡ ಬಿಟ್ಟ ಹೆಣ್ಣಾಗಲಿ, ಆ ಜಗಲಿಯಿಂದ ಇಳಿಯೆಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಮಾತು ಬರುತ್ತಿದ್ದ ದಿನಗಳಲ್ಲಿ ಅಮ್ಮ ಇದನ್ನು ಮಗಳ ತಲೆ ಬಾಚುತ್ತ ಹೇಳಿದ್ದರು.

ಅದು ಅಪ್ಪನ ಹೆಸರಿಗೆ ಹೋದ ದಿನವೂ ಅಕ್ಷಿತಾಳಿಗೆ ನೆನಪಿತ್ತು. ಆಗ ಅವಳಿಗೆ ಎಂಟು ವರ್ಷ. ಬಿಸಿಲಿನಲ್ಲಿ ಮೂವರೂ ಎಂಬಸಿಗೆ ಹೋಗಿದ್ದರು. ಅಮ್ಮ ನೀಲಿ ಸೀರೆ ಉಟ್ಟಿದ್ದರು. ಊರಿನಲ್ಲಿ ಒಂದು ಕರೆಂಟ್ ಕಂಬಕ್ಕೂ ಅಮ್ಮನ ಸಹಿ ಕೇಳುತ್ತಾರೆ, ಎಲ್ಲ ಒಂದೇ ಹೆಸರಿನಲ್ಲಿದ್ದರೆ ಓಡಾಟ ಕಡಿಮೆ ಎಂದು ಅಪ್ಪ ಹೇಳಿದ್ದರು. "ಒಂದು ಸೈನ್ ಅಷ್ಟೆ ಮಾರಾಯ್ತಿ, ಆಮೇಲೆ ಫಲೂದಾ ತಿನ್ನುವ." ಅಮ್ಮ ಸಹಿ ಹಾಕಿದರು. ಕಿಟಕಿಯಾಚೆಯವನು ಟಪ್ ಎಂದು ಮೊಹರು ಒತ್ತಿದ. ಅಪ್ಪ ಮೋಸ ಮಾಡಬೇಕೆಂದು ಮಾಡಿದವರಲ್ಲ. ಅವರಿಗೆ ಅದು ನಿಜವಾಗಿಯೂ ಓಡಾಟದ ವಿಷಯವೇ ಆಗಿತ್ತು. ಮೂವರೂ ಫಲೂದಾ ತಿಂದರು. ಅಕ್ಷಿತಾ ತನ್ನ ಗ್ಲಾಸಿನ ತಳದ ಸೇಮಿಗೆಯನ್ನೂ ಬಿಡದೆ ಕೆರೆದು ತಿಂದಿದ್ದಳು.

ಆ ಮನೆಯಲ್ಲಿ ಈಗ ಅಮ್ಮನಿಗೆ ಒಂದು ಕೋಣೆ. ಅದೂ ಇರುವವರೆಗೆ.

ಅವಳು ಬರೆದಳು: 'ಆಶಾಲತಾಳ ನಂತರ ತೆಂಕುಬದಿಯ ಕೋಣೆ, ನೀರು ಮತ್ತು ದಾರಿ ಅಕ್ಷಿತಾಳಿಗೆ ಇರತಕ್ಕದ್ದು.' ಅಪ್ಪನ ಮಾತುಗಳನ್ನು ಬರೆದಷ್ಟೇ ದುಂಡಗೆ ಬರೆದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಪ್ಪನ ಔಷಧಿ ಡಬ್ಬಿಯ ಕೆಳಗಿಟ್ಟಳು.

ಶುಕ್ರವಾರ ಹನ್ನೊಂದು ಗಂಟೆಗೆ ದೊಡ್ಡಣ್ಣ ಲತೀಶ್ ಬಂದ. ಶುಐಬಾದ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್. ರಾತ್ರಿಪಾಳಿ ಮುಗಿಸಿ ನೇರ ಬಂದವನ ಕಣ್ಣು ಕೆಂಪಾಗಿತ್ತು. ಹಿಂದೆಯೇ ಸಣ್ಣಣ್ಣ ಗುರುಕಿರಣ್ ಮತ್ತು ಅವನ ಹೆಂಡತಿ ಸ್ಪಂದನಾ ಬಂದರು. ಗುರುಕಿರಣ್ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದವನು. ಮೈಸೂರು ಕಡೆಯ ಸ್ಪಂದನಾ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಕೊನೆಗೆ ಬಂದವರು ಬೊನವೆಂಚರ್. ಶುವೈಖ್‌ನ ಅದೇ ಗೋದಾಮಿನಲ್ಲಿ ಡ್ರೈವರಾಗಿದ್ದವರು, ಅಪ್ಪನ ಜತೆ ಒಂದೇ ರೂಮಿನಲ್ಲಿ ಒಂಬತ್ತು ವರ್ಷ ಉಂಡುಮಲಗಿದವರು. ಚರ್ಚಿನಿಂದ ನೇರ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಡಬ್ಬಿ ಖರ್ಜೂರ.

"ಎಂತ ಪುರಂದರಣ್ಣ, ಇವತ್ತು ರಾಜ್ಯ ಹಂಚುದಂತೆ?"

"ರಾಜ್ಯ ಎಂತದ್ದು ಪೊರ್ಬುಗಳೇ, ಮೂರು ಮುಷ್ಟಿ ಮಣ್ಣು," ಎಂದರು ಅಪ್ಪ, ಊರಿನಲ್ಲಿ ಕ್ರಿಸ್ತರನ್ನು ಕರೆಯುವ ರೀತಿಯಲ್ಲಿ.

"ಮುಷ್ಟಿ ಮಣ್ಣಿಗೇ ಅಲ್ವಾ ತಲೆ ಒಡೆಯುದು? ದೊಡ್ಡ ರಾಜ್ಯದವರೆಲ್ಲ ಆರಾಮ ಇದ್ದಾರೆ."

ಅಪ್ಪ ನಕ್ಕರು. ಅಕ್ಷಿತಾ ಚಹಾ ತಂದಿಟ್ಟು ಮಂಚದ ಕಾಲಬದಿಗೆ ಹೋಗಿ ನೆಲದ ಮೇಲೆ ಕುಳಿತಳು. ಅಲ್ಲಿ ಕುಳಿತರೆ ಎಲ್ಲರ ಮುಖವೂ ಕಾಣುತ್ತಿತ್ತು, ತನ್ನ ಮುಖ ಯಾರಿಗೂ ಅಷ್ಟಾಗಿ ಕಾಣುತ್ತಿರಲಿಲ್ಲ.

ಅಣ್ಣತಮ್ಮಂದಿರಿಬ್ಬರಿಗೂ ಗದ್ದೆಯ ಮೇಲೆಯೇ ಕಣ್ಣಿತ್ತು. ಮೂಡುಬೈಲಿನ ರಸ್ತೆ ಈಗ ಅಗಲವಾಗಿತ್ತು. ಗದ್ದೆಯ ಅಂಚಿಗೆ ನಾಲ್ಕು ಅಂಗಡಿ ಕಟ್ಟಿಬಿಟ್ಟರೆ ಕುಳಿತಲ್ಲಿ ಬಾಡಿಗೆ. ಮನೆ ಬಂದರೆ ಗೆದ್ದಲು ಹಿಡಿದ ಛಾವಣಿಯ ಪಕ್ಕಾಸು, ಸೋರುವ ಹಂಚು, ಅದರೊಳಗೆ ಮಂಚ ಹಿಡಿದ ತಾಯಿ.

"ಅಣ್ಣಾ, ಮನೆ ನಿನಗೇ ಬರ್ತದೆ ನೋಡು," ಎಂದ ಗುರುಕಿರಣ್. "ನಿನ್ನ ಮುಖದಲ್ಲೇ ಹಂಚು ಕಾಣ್ತದೆ."

"ನಿನ್ನ ಮುಖದಲ್ಲಿ ಟೋಲ್‌ಗೇಟ್ ಕಾಣ್ತದೆ. ಸುಮ್ಮನೆ ಕೂತ್ಕೋ."

"ಯಲ್ಲಾ, ಶುರು ಮಾಡುವ," ಎಂದರು ಬೊನವೆಂಚರ್. "ಮೊದಲು ಬರೆದದ್ದು ಓದುವ. ಸಾಕ್ಷಿ ಹಾಕುವವನು ಓದದೆ ಹಾಕ್ಲಿಕ್ಕಿಲ್ಲ. ಕೊಡು ಮಗಾ."

ಅಕ್ಷಿತಾಳಿಗೆ ಇದು ಹೊಳೆದೇ ಇರಲಿಲ್ಲ. ಬೊನವೆಂಚರ್ ಅಂಕಲ್ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ದಿನವೂ ಮೊಬೈಲಿನಲ್ಲಿ ಕನ್ನಡ ಪೇಪರ್ ಓದುವವರು. ಅವಳ ಲೆಕ್ಕದಲ್ಲಿ ಅವರು ಬರುವುದು, ಸಹಿ ಹಾಕುವುದು, ಚಹಾ ಕುಡಿದು ಹೋಗುವುದು ಇಷ್ಟೇ ಇತ್ತು. ಔಷಧಿ ಡಬ್ಬಿಯ ಕೆಳಗಿನಿಂದ ಕಾಗದ ತೆಗೆದು ಕೊಟ್ಟಳು.

ಬೊನವೆಂಚರ್ ಕನ್ನಡಕ ಹಾಕಿ, ಚರ್ಚಿನಲ್ಲಿ ಓದುವ ದನಿಯಲ್ಲಿ ಓದಿದರು. ಎರಡು ಪಾಲು. ಮನೆ ಬಂದವನಿಗೆ ಅಮ್ಮನ ಜವಾಬ್ದಾರಿ. ತೆಂಕುಬದಿಯ ಕೋಣೆ. ನಾಲ್ಕು ಮುಡಿ ಅಕ್ಕಿ.

"ಮುಡಿ ಅಂದ್ರೆ ಎಂತ ಅಪ್ಪ?" ಎಂದ ಗುರುಕಿರಣ್.

"ಮುಡಿ ಗೊತ್ತಿಲ್ವಾ? ಬೈಹುಲ್ಲಿನಲ್ಲಿ ಅಕ್ಕಿ ಕಟ್ಟಿ..."

"ಈಗ ಮುಡಿ ಕಟ್ಟುವ ಜನ ಎಲ್ಲಿದ್ದಾರೆ ಪುರಂದರಣ್ಣ," ಬೊನವೆಂಚರ್ ನಕ್ಕರು. "ನೀವು ಊರು ಬಿಡುವಾಗ ಕಟ್ಟಿಟ್ಟ ಮುಡಿ ಅದು. ಹೆಚ್ಚುಕಡಿಮೆ ನಲವತ್ತು ಕಿಲೋ ಅಂತ ಇಟ್ಕೊಳ್ಳಿ."

"ನಾಲ್ಕು ನಲವತ್ಲು ನೂರರವತ್ತು," ಎಂದ ಲತೀಶ್. "ಅಮ್ಮ ತಿನ್ನುದು ಎರಡು ಚಮಚ ಗಂಜಿ."

ಅಕ್ಷಿತಾ ನೆಲ ನೋಡಿದಳು. ಉಳಿದದ್ದನ್ನು ತಿನ್ನುವವಳು ಯಾರೆಂದು ಯಾರೂ ಕೇಳಲಿಲ್ಲ.

ತೆಂಗಿನಕಾಯಿ, ಸೌದೆ, ಬಾವಿ, ಅಂಗಳ, ದಾರಿ. ಬೊನವೆಂಚರ್‌ರ ದನಿ ನಿಂತಿತು. ಅವರು ಕನ್ನಡಕದ ಮೇಲಿನಿಂದ ಅಕ್ಷಿತಾಳನ್ನು ನೋಡಿದರು. ಅವಳೂ ನೋಡಿದಳು. ಆ ಒಂದು ನಿಮಿಷ ಅವರ ಕೈಯಲ್ಲಿತ್ತು. 'ಇಷ್ಟೇ' ಎಂದು ಕಾಗದ ಮಡಚಿಬಿಡಬಹುದಾಗಿತ್ತು. ಅವರು ಗಂಟಲು ಸರಿಮಾಡಿಕೊಂಡರು. ಓದದೆ ಸಾಕ್ಷಿ ಹಾಕುವವರು ಅವರಲ್ಲ. ಓದಿದರು.

"ಅದು ನಾನು ಹೇಳ್ಲಿಲ್ಲ," ಎಂದರು ಪುರಂದರ.

ಅವರು ಮಂಚದ ಕಾಲಬದಿಗೆ ಮುಖ ತಿರುಗಿಸಿದರು.

"ಅಕ್ಷೀ, ನಾನು ಹೇಳ್ಲಿಲ್ಲ ಅದು. ಎಲ್ಲಿಂದ ಬಂತು?"

ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಅಮ್ಮ ಹೇಳಿದ್ದು."

"ಅಮ್ಮ ಹೇಳಿದ್ದಾ?" ಗುರುಕಿರಣ್ ನಕ್ಕುಬಿಟ್ಟ. "ಅಮ್ಮ ಯಾವಾಗಿಂದ ಮಾತಾಡ್ಲಿಕ್ಕೆ ಶುರು ಮಾಡಿದ್ದು? ನಮಗೆ ಯಾರೂ ಹೇಳ್ಲೇ ಇಲ್ಲ!"

ಮಂಚದ ಕಂಬಿ ಸದ್ದಾಯಿತು. ಒಂದೇ ಸಲ. ಅಕ್ಷಿತಾ ಥಟ್ಟನೆ ತಲೆ ಎತ್ತಿದಳು. "ನೋಡಿ, ಹೌದು ಅಂತ..."

"ಅತ್ತೆಗೆ ಬಾಯಾರಿಕೆ ಆಗಿರ್ಬೇಕು," ಎಂದು ಸ್ಪಂದನಾ ಎದ್ದು ಬಂದು, ಚಮಚದಲ್ಲಿ ನೀರು ತುಟಿಗಿಟ್ಟಳು. ಒಳ್ಳೆಯ ಹುಡುಗಿ, ಕೆಲಸ ಗೊತ್ತಿರುವವಳು. ಬಟ್ಟೆ ಒದ್ದೆಯಾಗದಂತೆ ಗದ್ದದ ಕೆಳಗೆ ಕೈಯೊಡ್ಡಿದ್ದಳು. ಅಮ್ಮ ನುಂಗಲಿಲ್ಲ. ನೀರು ಬಾಯಿಯ ಮೂಲೆಯಿಂದ ಇಳಿದು ಆ ಕೈಗೆ ಬಿತ್ತು.

"ಹೊಡೆದು ಹಾಕು ಅದನ್ನು," ಎಂದರು ಪುರಂದರ. ಸಿಟ್ಟಿನಿಂದಲ್ಲ. ಗೋದಾಮಿನಲ್ಲಿ ತಪ್ಪು ಕಪಾಟಿಗೆ ಸೇರಿದ ಸಾಮಾನನ್ನು ತೆಗೆಸುವ ದನಿ ಅದು. "ನೀನು ಮದುವೆಯಾಗಿ ಹೋಗುವವಳು ಮಗಾ. ನಿನಗೆ ಎಂತಕ್ಕೆ ಆ ಕೋಣೆ?"

ಎರಡು ಸಲ ಹುಡುಗನ ಕಡೆಯವರು ಬಂದು ನೋಡಿ ಹೋಗಿದ್ದರು. ಮೊದಲನೆಯವರು ಎಷ್ಟು ಓದಿದ್ದಾಳೆ ಎಂದು ಕೇಳಿದರು. ಎರಡನೆಯವರು ಮದುವೆಯ ನಂತರ ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಎರಡು ಕಡೆಯವರೂ ಮತ್ತೆ ಬರಲಿಲ್ಲ.

"ಅಕಸ್ಮಾತ್ ಮದುವೆ ಆಗದಿದ್ರೆ, ಪುರಂದರಣ್ಣ?" ಬೊನವೆಂಚರ್ ಮೆಲ್ಲಗೆ ಕೇಳಿದರು. ತಾನು ಓದಿದ್ದಕ್ಕೆ ಒಳಗೊಳಗೇ ನೊಂದವರಂತೆ.

"ಅಣ್ಣಂದಿರಿಲ್ವಾ? ಇಬ್ಬಿಬ್ಬರಿದ್ದಾರೆ."

ಇಬ್ಬರೂ ಅಣ್ಣಂದಿರು ಮೊಬೈಲ್ ನೋಡುತ್ತಿದ್ದರು.

ಅಕ್ಷಿತಾ ಪೆನ್ನು ತೆಗೆದುಕೊಂಡು ತನ್ನ ಸಾಲಿನ ಮೇಲೆ ಗೆರೆ ಎಳೆದಳು. ಗೆರೆಯೂ ನೇರವಾಗಿಯೇ ಬಂತು. ಹೊಡೆದುಹಾಕಿದ್ದರ ಪಕ್ಕ ಒಂದು ಸಣ್ಣ ಸಹಿ ಬೇಕು, ಇಲ್ಲದಿದ್ದರೆ ನಾಳೆ ವಕೀಲರು ಕೇಳುತ್ತಾರೆ ಎಂದು ಲತೀಶ್ ಹೇಳಿದ. ಅಪ್ಪನ ಕೈ ಹಿಡಿದು ಜಾಗ ತೋರಿಸಿದವಳೂ ಅವಳೇ.

"ಈಗ ಚೀಟಿ," ಎಂದರು ಪುರಂದರ.

ಒಂದು ಚೀಟಿಯಲ್ಲಿ 'ಮನೆ' ಎಂದು, ಇನ್ನೊಂದರಲ್ಲಿ 'ಗದ್ದೆ' ಎಂದು ಅಕ್ಷಿತಾ ಬರೆದು, ಬೊನವೆಂಚರ್‌ಗೆ ತೋರಿಸಿ, ಒಂದೇ ಅಳತೆಗೆ ಮಡಚಿ ತಟ್ಟೆಗೆ ಹಾಕಿದಳು. ಬೊನವೆಂಚರ್ ತಟ್ಟೆಯನ್ನು ಎತ್ತಿ ಕುಲುಕಿದರು. ಗೋಡೆಯ ದೇವರ ಪಟ ಆಗಲೇ ಪೆಟ್ಟಿಗೆ ಸೇರಿತ್ತು. ಮೊಳೆ ಮಾತ್ರ ಉಳಿದಿತ್ತು. ಪುರಂದರ ಮೊಳೆಯ ಕಡೆಗೇ ಕೈಮುಗಿದರು.

"ಯಾರು ಎತ್ತುದು?" ಎಂದ ಲತೀಶ್. "ನನ್ನ ಮಗಳಿದ್ದಿದ್ರೆ ಅವಳ ಹತ್ರ ಎತ್ತಿಸಬಹುದಿತ್ತು. ಅವಳೂ ಅವಳಮ್ಮನೂ ರಜೆಗೆ ಊರಲ್ಲಿ."

"ನಿನ್ನ ಮಗಳು ಎತ್ತಿದ್ರೆ ಅದು ನಿನ್ನ ಕೈಯೇ ಅಲ್ವಾ?" ಎಂದರು ಪುರಂದರ. "ಪಾಲು ಇಲ್ಲದವರು ಎತ್ತಬೇಕು. ಅದು ಕ್ರಮ. ಪಾಲು ಇದ್ದವನ ಬೆರಳಿಗೆ ಆಸೆ ಇರ್ತದೆ. ಅಕ್ಷೀ, ನೀನು ಎತ್ತು. ಮೊದಲು ದೊಡ್ಡವನಿಗೆ."

ಹೀಗೆ ಅದು ತೀರ್ಮಾನವಾಗಿ ಹೋಯಿತು. ಬರೆದ ಸಾಲಿಗೆ ಗೆರೆ ಎಳೆದಾಗ ಆದ ನೋವಿಗಿಂತ ಇದು ಬೇರೆ. ಅಲ್ಲಿ ಅವಳದ್ದು ಎನ್ನುವುದು ಏನೋ ಇತ್ತು, ಅದನ್ನು ಹೊಡೆದುಹಾಕಲಾಯಿತು. ಇಲ್ಲಿ ಅವಳ ಬೆರಳನ್ನು ಆರಿಸಿದ್ದೇ ಅದಕ್ಕೆ ಯಾವ ಆಸೆಯೂ ಇಲ್ಲವೆಂದು. ಅವಳು ಕೈ ಚಾಚಿದಳು. ಒಂದು ಚೀಟಿ ಎತ್ತಿ ಲತೀಶನ ಅಂಗೈಯಲ್ಲಿಟ್ಟಳು. ಲತೀಶ್ ಬಿಡಿಸಿದ, ಕನ್ನಡ ಅಕ್ಷರಗಳನ್ನು ಹಿಂದೆಮುಂದೆ ತಿರುಗಿಸಿ ನೋಡಿದ, ಅವಳಿಗೇ ಒಡ್ಡಿದ.

"ಎಂತ ಉಂಟು? ಓದು."

"ಮನೆ."

"ಅಲ್‌ಹಮ್ದುಲಿಲ್ಲಾ!" ಎಂದು ಗುರುಕಿರಣ್ ತೊಡೆ ತಟ್ಟಿಕೊಂಡು, ಉಳಿದ ಚೀಟಿಯನ್ನು ತಾನೇ ಎತ್ತಿಕೊಂಡ. ಸ್ಪಂದನಾ ಅವನ ಮೊಣಕೈ ಚಿವುಟಿದಳು.

ಲತೀಶ್ ಚೀಟಿಯನ್ನು ಮತ್ತೆ ಮಡಚಿದ. ಅವನು ಕೆಟ್ಟವನಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಾಳಿ ಮುಗಿಸಿ ಬಂದು ಬೆಂಚಿನ ಮೇಲೆ ಮಲಗಿದವನು. ಆದರೆ ನಿದ್ದೆಯಿಲ್ಲದ ಮನುಷ್ಯ. ನಿದ್ದೆಯಿಲ್ಲದಾಗ ಬಾಯಿಗೆ ಬಂದದ್ದನ್ನು ತಡೆಯಲು ಶಕ್ತಿ ಇರುವುದಿಲ್ಲ.

"ಆಯ್ತು. ನಸೀಬು. ಆ ಮನೆ ರಿಪೇರಿಗೆಲ್ಲ ಆಗುದಿಲ್ಲ, ಕೆಡವಿಯೇ ಕಟ್ಟಬೇಕು. ತೆಂಕುಬದಿಯ ಕೋಣೆ ಉಂಟಲ್ಲ, ಗಾಡಿ ಬರ್ಲಿಕ್ಕೆ ಅದೇ ಸಮ. ಅಲ್ಲಿ ಪಾರ್ಕಿಂಗ್ ಮಾಡಿದ್ರೆ..."

"ಅಮ್ಮನ ಕೋಣೆ ಅದು," ಎಂದರು ಬೊನವೆಂಚರ್.

"ಗೊತ್ತುಂಟು ಅಂಕಲ್. ಅಮ್ಮ ಇರುವವರೆಗೆ ಮುಟ್ಟುದಿಲ್ಲ. ಅಮ್ಮನ ನಂತರದ್ದು ಹೇಳಿದ್ದು."

"ಭಾವ," ಸ್ಪಂದನಾ ದನಿ ತಗ್ಗಿಸಿದಳು. "ಅತ್ತೆಗೆ ಕೇಳ್ಸತ್ತೆ."

"ಕೇಳ್ಲಿ. ನಾನು ತಪ್ಪು ಎಂತ ಹೇಳಿದೆ? ಬರೆದದ್ದೇ ಹಾಗೆ ಅಲ್ವಾ?"

ಕಂಬಿ ಮತ್ತೆ ಸದ್ದಾಯಿತು. ಎರಡು ಸಲ. ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ಈ ಸಲ ಜೋರಾಗಿಯೇ ಇತ್ತು. ಸ್ಪಂದನಾ ಪಾಪ, ಚಮಚದಲ್ಲಿ ಕೊಟ್ಟದ್ದು ಸಾಲಲಿಲ್ಲವೆಂದುಕೊಂಡು ಲೋಟದ ತುಂಬ ನೀರು ತಂದು, ಅಮ್ಮನ ಎಡಗೈ ಬೆರಳುಗಳನ್ನು ಒಂದೊಂದಾಗಿ ಲೋಟದ ಸುತ್ತ ಸರಿಯಾಗಿ ಕೂರಿಸಿದಳು. "ನಿಧಾನ ಅತ್ತೆ, ನಿಮಗೆ ಬೇಕಾದಾಗ ಕುಡೀರಿ." ಅಮ್ಮನಿಗೆ ಇದ್ದ ಒಂದು ಕೈಯೂ ಲೋಟ ಹಿಡಿದುಕೊಂಡಿತು.

"ಇನ್ನೊಂದು ಉಂಟು," ಗುರುಕಿರಣ್ ಮೊಬೈಲ್ ನೋಡಿಕೊಂಡೇ ಹೇಳಿದ. "ಊರಿನ ವಕೀಲರ ಮೆಸೇಜು. ಪಾಲುಪಟ್ಟಿ ಆಗುವಾಗ ತಂಗಿಯ ಸೈನೂ ಬೇಕಂತೆ. ನನಗೆ ಪಾಲು ಬೇಡ ಅಂತ ಒಂದು ಕಾಗದ. ಇಲ್ಲಿಂದಲೇ ಎಂಬಸಿಯಲ್ಲಿ ಮಾಡಿಸಿದ್ರೆ ಒಳ್ಳೆದಂತೆ."

"ಭಾನುವಾರ ನಾನು ಕರ್ಕೊಂಡು ಹೋಗ್ತೇನೆ," ಎಂದ ಲತೀಶ್. ತಂಗಿಯ ಮುಖ ಬಾಡಿದ್ದು ಅವನಿಗೆ ಆಗ ಕಂಡಿರಬೇಕು. ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರಿ, ಚಿಕ್ಕವಳಿದ್ದಾಗ ಮಾತಾಡಿಸುತ್ತಿದ್ದ ಹಾಗೆ ಮಾತಾಡಿಸಿದ. "ಒಂದು ಸೈನ್ ಅಷ್ಟೆ ಅಕ್ಷೀ. ಆಮೇಲೆ ಫಲೂದಾ ತಿನ್ನುವ. ನಿನಗೆ ಇಷ್ಟ ಅಲ್ವಾ?"

ಅಕ್ಷಿತಾ ಅಮ್ಮನನ್ನು ನೋಡಿದಳು. ಲೋಟದ ನೀರು ಅಂಚಿನವರೆಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಆ ನೀಲಿ ಸೀರೆ ಪೆಟ್ಟಿಗೆಯಲ್ಲಿ, ಅಪ್ಪನ ಕೋಟಿನ ಕೆಳಗೆ ಇದೆಯೆಂದು ಅವಳಿಗೆ ಗೊತ್ತಿತ್ತು. ಮಡಚಿ ಇಟ್ಟವಳು ಅವಳೇ. ಬೊನವೆಂಚರ್ ಎರಡು ಕಡೆ ಸಾಕ್ಷಿ ಹಾಕಿ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಗುರುಕಿರಣ್ ಊಟ ಎಲ್ಲಿಂದ ತರಿಸುವುದೆಂದು ಹೆಂಡತಿಯನ್ನು ಕೇಳುತ್ತಿದ್ದ. ಖಾಲಿಯಾದ ಸ್ಟೀಲ್ ತ‌ಟ್ಟೆಯನ್ನು ಒಳಗೆ ಒಯ್ಯಲು ಅವಳು ಎತ್ತಿದಾಗ, ಕೆಳಗೆ ಆ ತುಂಡು ಕಾಗದ ಬಿದ್ದಿತ್ತು. ಅದೇ ಅಳತೆ, ಅದೇ ಅಂಚು. ಒದ್ದೆ ಆರಿ ಸ್ವಲ್ಪ ಸುರುಟಿಕೊಂಡಿತ್ತು.

ಅವಳು ತಟ್ಟೆಯನ್ನು ಒಳಗೆ ಒಯ್ಯಲಿಲ್ಲ. ಕಾಗದವನ್ನು ಅಂಗೈಯಿಂದ ಸವರಿ ನೇರ ಮಾಡಿ ತಟ್ಟೆಯ ನಡುವಿಗಿಟ್ಟಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಕುರ್ಚಿಯ ಮುಂದೆ ಹೋಗಿ ನಿಂತಳು. ಅವರಿಗೆ ಕಾಣದೆಂದು ನೆನಪಾಗಿ, ಬಗ್ಗಿ, ಅವರ ಕೈಯನ್ನು ತೆಗೆದು ಕಾಗದದ ಮೇಲಿಟ್ಟಳು.

"ಇನ್ನೊಂದು ಚೀಟಿ ಉಂಟು ಅಪ್ಪ," ಎಂದಳು.

ಆರು ವರ್ಷದಲ್ಲಿ ಆ ಕೋಣೆಯಲ್ಲಿ ಅಷ್ಟು ಜನರೆದುರು ಅವಳ ದನಿ ಅಷ್ಟು ಎತ್ತರಕ್ಕೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಪುರಂದರ ಬೆರಳಿನಿಂದ ಕಾಗದದ ಒಂದು ಮೂಲೆ ಮುಟ್ಟಿದರು, ಇನ್ನೊಂದು ಮೂಲೆ ಮುಟ್ಟಿದರು, ಅದು ಯಾವುದರ ಬಿಡಿಭಾಗ ಎಂದು ಗೊತ್ತಾಗದವರಂತೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು. ಲತೀಶ್ ಗಡಿಯಾರ ನೋಡಿದ. ಮಂಚದ ಕಡೆಯಿಂದ ಸದ್ದು ಬರಲಿಲ್ಲ. ಲೋಟ ಹಿಡಿದ ಕೈ ಅಲುಗಿ ನೀರು ಹೊದಿಕೆಯ ಮೇಲೆ ಚೆಲ್ಲಿತು, ಅಷ್ಟೆ.

"ಇದರಲ್ಲಿ ಆ ಕೋಣೆ ಬರೀತೇನೆ ಅಪ್ಪ," ಎಂದಳು ಅಕ್ಷಿತಾ. "ಅದೊಂದು ನನಗೆ ಕೊಡಿ."